‘ತೋಟ ಇದ್ದವರಿಗೆ ಏನೂ ಸಿಗಲ್ಲವಂತೆ, ಹೌದಾ ಮೇಡಂ?’

ಮಡಿಕೇರಿಯ ಕಾಲೇಜೊಂದರ ಕಚೇರಿಯಲ್ಲಿ 31 ವರ್ಷ ದುಡಿದವಳು ನಾನು. ಅದರಲ್ಲಿ ಬಹುಪಾಲು ಕಳೆದದ್ದು ವಿದ್ಯಾರ್ಥಿವೇತನದ ಟೇಬಲ್ಲಿನ ಹಿಂದೆ. ಪಿಯುಸಿ ಫಲಿತಾಂಶ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತು ಕೇಳುತ್ತವೆ: ಸೀಟು ಸಿಕ್ಕಿದೆ, ದುಡ್ಡು ಎಲ್ಲಿಂದ? ಈ ಸಲ ಉಳಿದ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮದು ನಾಪೋಕ್ಲು ಹತ್ತಿರ. ನನ್ನ ಪಾಲಿಗೆ ಮೂರು ಎಕರೆ ರೊಬಸ್ಟಾ ತೋಟ, ಸ್ವಲ್ಪ ಮೆಣಸು. ವರ್ಷಕ್ಕೆ ಖರ್ಚು ಕಳೆದು ಮೂರೂವರೆ ಲಕ್ಷ ಉಳಿದರೆ ಹೆಚ್ಚು. ಮಗಳಿಗೆ ಪಿಯುಸಿ ವಿಜ್ಞಾನದಲ್ಲಿ ಶೇ 91 ಬಂದಿದೆ, ಸಿಇಟಿ ಬರೆದು ಇಂಜಿನಿಯರಿಂಗ್ ಸೇರುತ್ತಿದ್ದಾಳೆ. ‘ತೋಟ ಇದ್ದವರಿಗೆ ಏನೂ ಸಿಗಲ್ಲ, ಅರ್ಜಿ ಹಾಕಿ ಸುಮ್ಮನೆ ಓಡಾಡಬೇಡ’ ಎಂದು ಎಲ್ಲರೂ ಹೇಳುತ್ತಾರೆ. ಪಹಣಿಯೂ ನನ್ನ ಹೆಸರಿನಲ್ಲಿಲ್ಲ, ತೀರಿಹೋದ ದೊಡ್ಡಪ್ಪನ ಹೆಸರಿನಲ್ಲಿದೆ. ನಿಜವಾಗಿ ಏನೂ ಸಿಗುವುದಿಲ್ಲವೇ ಮೇಡಂ?
— ಒಬ್ಬ ತಂದೆ, ನಾಪೋಕ್ಲು

ಉತ್ತರ: ಸಿಗುತ್ತದೆ. ‘ನಮಗೆ ಸಿಗಲ್ಲ’ ಎಂದು ಮನೆಯಲ್ಲೇ ತೀರ್ಮಾನಿಸಿ ಅರ್ಜಿ ಹಾಕದೆ ಉಳಿದ ಮಕ್ಕಳನ್ನು ನಾನು ಪ್ರತಿ ವರ್ಷ ನೋಡಿದ್ದೇನೆ. ಅರ್ಜಿ ತಿರಸ್ಕೃತವಾದವರಿಗಿಂತ ಅವರ ಸಂಖ್ಯೆಯೇ ದೊಡ್ಡದಿತ್ತು. ಆ ಮಾತು ಕೇಳಿದಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿರಲಿ. ‘ಬಡವರಾ, ಅಲ್ಲವಾ’ ಎಂದು ಒಂದೇ ತಕ್ಕಡಿಯಲ್ಲಿ ಎಲ್ಲರನ್ನೂ ತೂಗುವ ಪದ್ಧತಿ ನಮ್ಮಲ್ಲಿಲ್ಲ. ಒಂದೊಂದು ಯೋಜನೆಗೂ ಅದರದೇ ಮಿತಿ ಇದೆ. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಪೋಷಕರ ಆದಾಯ ವರ್ಷಕ್ಕೆ 2.5 ಲಕ್ಷದ ಒಳಗಿರಬೇಕು. ಪಿಯುಸಿ ಅಂಕದ ಮೇಲೆ ಕೇಂದ್ರ ಶಿಕ್ಷಣ ಇಲಾಖೆ ಕೊಡುವ ವಿದ್ಯಾರ್ಥಿವೇತನಕ್ಕೆ ಮಿತಿ 4.5 ಲಕ್ಷ. ಹೆಣ್ಣುಮಕ್ಕಳ ತಾಂತ್ರಿಕ ಶಿಕ್ಷಣಕ್ಕೆ ಎಐಸಿಟಿಇ, ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ, ಕೊಡುವ ‘ಪ್ರಗತಿ’ಗೆ 8 ಲಕ್ಷ. ಒಂದು ಬಾಗಿಲು ಮುಚ್ಚಿದ್ದರೆ ಪಕ್ಕದ್ದನ್ನು ತಟ್ಟಿ ನೋಡಬೇಕು.

ನಿಮ್ಮ ಮಗಳ ಲೆಕ್ಕಕ್ಕೆ ಬರೋಣ. ‘ಪ್ರಗತಿ’ಯಲ್ಲಿ ವರ್ಷಕ್ಕೆ 50,000 ರೂಪಾಯಿ. ಎಐಸಿಟಿಇ ಮಾನ್ಯತೆಯ ಕಾಲೇಜಿನಲ್ಲಿ ಮೊದಲ ವರ್ಷಕ್ಕೆ ಸೇರಿರಬೇಕು. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಕೊಡುತ್ತಾರೆ. ಆಯ್ಕೆ ಅಂಕದ ಮೇಲೆ, ಹಾಗಾಗಿ ಅರ್ಹರಾದವರಿಗೆಲ್ಲ ಸಿಕ್ಕೇ ಸಿಗುತ್ತದೆ ಎಂದು ಹೇಳಲಾರೆ. ಶೇ 91 ತೆಗೆದ ಹುಡುಗಿ ಅರ್ಜಿಯನ್ನೇ ಹಾಕದಿದ್ದರೆ ಮಾತ್ರ ನನಗೆ ನಿಜವಾಗಿ ಬೇಸರವಾದೀತು.

ಎರಡನೆಯದು ಕೇಂದ್ರದ ವಿದ್ಯಾರ್ಥಿವೇತನ. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000, ಇಂಜಿನಿಯರಿಂಗ್‌ನ ನಾಲ್ಕನೇ ವರ್ಷಕ್ಕೆ 20,000. ಇದಕ್ಕೆ ಬೇಕಾದದ್ದು ‘80 ಪರ್ಸೆಂಟೈಲ್’. ತುಂಬ ಜನ ಇದನ್ನು ಶೇ 80 ಅಂಕ ಎಂದು ಓದಿಕೊಳ್ಳುತ್ತಾರೆ, ಅದು ತಪ್ಪು. ನಿಮ್ಮ ಮಗಳ ಬೋರ್ಡಿನಲ್ಲಿ, ಅವಳ ವಿಭಾಗದಲ್ಲಿ ಪಾಸಾದ ನೂರು ಜನರನ್ನು ಅಂಕದ ಕ್ರಮದಲ್ಲಿ ನಿಲ್ಲಿಸಿದರೆ ಅವಳು ಮೇಲಿನ ಇಪ್ಪತ್ತರಲ್ಲಿ ಇರಬೇಕು. ಆ ಗೆರೆ ಎಷ್ಟು ಅಂಕಕ್ಕೆ ಬೀಳುತ್ತದೆ ಎನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಪಿಯುಸಿ ಮುಗಿಸಿ ನೇರವಾಗಿ ಪದವಿಗೆ ಸೇರಿದ ವರ್ಷವೇ ಹಾಕಬೇಕು. ಇದನ್ನು ಪಡೆಯುವವರು ಜೊತೆಗೆ ಇನ್ನೊಂದು ವಿದ್ಯಾರ್ಥಿವೇತನ ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ‘ಪ್ರಗತಿ’ ಸಿಕ್ಕರೆ ಅದನ್ನೇ ಉಳಿಸಿಕೊಳ್ಳಿ.

ಮೂರನೆಯದು ಸಿಇಟಿಯ ಸೂಪರ್ ನ್ಯೂಮರರಿ ಸೀಟು, ಅಂದರೆ ನಿಗದಿತ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಕೊಡುವುದು, ಎಸ್‌ಎನ್‌ಕ್ಯೂ ಎನ್ನುತ್ತಾರಲ್ಲ, ಅದು. ಆದಾಯ 8 ಲಕ್ಷದೊಳಗೆ ಇರುವವರಿಗೆ ಬೋಧನಾ ಶುಲ್ಕ ಮಾಫಿ. ಕಾಲೇಜಿಗೆ ಸೇರಿದ ಮೇಲೆ ಹೋಗಿ ಕೇಳಿದರೆ ಯಾರೂ ಕೊಡುವುದಿಲ್ಲ, ಸಿಇಟಿ ಪ್ರಕ್ರಿಯೆಯಲ್ಲೇ ಕೇಳಿರಬೇಕು. ಮಗಳು ತುಂಬಿದ ಅರ್ಜಿಯ ಪ್ರತಿ ತೆಗೆದು ಇವತ್ತೇ ನೋಡಿ.

ಈಗ ಪಹಣಿ. ನಮ್ಮ ಕೊಡಗಿನ ನಿಜವಾದ ಗಂಟು ಇರುವುದು ಇಲ್ಲಿಯೇ. ರೈತ ವಿದ್ಯಾನಿಧಿಯನ್ನು ರಾಜ್ಯ ಸರ್ಕಾರ 2021ರಲ್ಲಿ ತಂದಿತು. ಇಂಜಿನಿಯರಿಂಗ್ ಓದುವ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ಎಂದು ನಿಗದಿ ಮಾಡಿದರು. ಅದಕ್ಕೆ ತಂದೆ ಅಥವಾ ತಾಯಿಯ ಹೆಸರಿನಲ್ಲಿ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ರೈತ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ, ಬೇಕು. ಅದು ಆಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಬಯಲುಸೀಮೆಯ ರೈತ ಒಂದು ಬೆಳಿಗ್ಗೆಯಲ್ಲಿ ಮುಗಿಸುವ ಕೆಲಸ ಇದು. ನಮ್ಮಲ್ಲಿ ಹಾಗಲ್ಲ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗ, ಒಕ್ಕದ ಅಂದರೆ ಇಡೀ ಮನೆತನದ ಜಾಗ, ಮನೆತನದ ಹಿರಿಯರಾದ ಪಟ್ಟೆದಾರರ ಹೆಸರು, ಅವರು ತೀರಿ ಮೂವತ್ತು ವರ್ಷವಾದರೂ ಬದಲಾಗದ ಖಾತೆ. ಮೂರು ತಲೆಮಾರಿನಿಂದ ಮೆಣಸು ಬಳ್ಳಿ ಕಟ್ಟಿಕೊಂಡು ಬಂದವನು ಸರ್ಕಾರದ ಕಂಪ್ಯೂಟರಿನಲ್ಲಿ ರೈತನೇ ಅಲ್ಲ! ಪೌತಿ ಖಾತೆಗೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಕೊಡಿ, ಜಂಟಿಯಾಗಿಯಾದರೂ ನಿಮ್ಮ ಹೆಸರು ಪಹಣಿಗೆ ಬರಲಿ. ಅಣ್ಣತಮ್ಮಂದಿರೆಲ್ಲ ಸೇರುವ ಪುತ್ತರಿಗೋ ಕೈಲ್‌ಪೊಳ್ದಿಗೋ ಮಾತು ತೆಗೆದು ಸಹಿ ಹಾಕಿಸಿಕೊಳ್ಳಿ. ಆಮೇಲೆ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ದುಬೈನಲ್ಲಿ ಇರುತ್ತಾರೆ. ಈ ವರ್ಷಕ್ಕೆ ಆಗದಿದ್ದರೂ ಮಗಳಿಗೆ ಇನ್ನೂ ಮೂರು ವರ್ಷ ಓದು ಇರುತ್ತದೆ.

ಇದೇ ಪಹಣಿ ಆದಾಯ ಪ್ರಮಾಣಪತ್ರದಲ್ಲೂ ತೊಂದರೆ ಕೊಡುತ್ತದೆ. ಒಕ್ಕದ ಪಹಣಿಯಲ್ಲಿ 18 ಎಕರೆ ಕಂಡರೆ ಗ್ರಾಮ ಆಡಳಿತ ಅಧಿಕಾರಿ ಆ 18 ಎಕರೆಯ ಆದಾಯ ಬರೆದುಬಿಟ್ಟಾರು. ಅವರು ಎದುರಿಗಿರುವ ಕಾಗದವನ್ನೇ ನೋಡಬೇಕಲ್ಲವೇ? ನಾಡಕಚೇರಿಗೆ ಹೋಗುವಾಗ ವಂಶವೃಕ್ಷ ತೆಗೆದುಕೊಂಡು ಹೋಗಿ. ನಿಮ್ಮ ಪಾಲು ಎಷ್ಟು ಎನ್ನುವುದಕ್ಕೆ ಇರುವ ಯಾವ ಕಾಗದವಾದರೂ ಸರಿ, ಕಾಫಿ ಕೊಟ್ಟ ಬಿಲ್ಲುಗಳಾದರೂ ಸರಿ, ಜೊತೆಗಿರಲಿ. ಲೆಕ್ಕಕ್ಕೆ ಬರುವುದು ತಂದೆ–ತಾಯಿಯ ಆದಾಯ, ಇಡೀ ಐನ್‌ಮನೆಯದಲ್ಲ ಎಂದು ಮರ್ಯಾದೆಯಿಂದ, ಆದರೆ ಗಟ್ಟಿಯಾಗಿ ಹೇಳಿ. ಹಾಗೆಂದು ಮೂರೂವರೆ ಲಕ್ಷವನ್ನು ತೊಂಬತ್ತು ಸಾವಿರ ಎಂದು ಬರೆಸಿಕೊಡುವವರ ಹಿಂದೆ ಖಂಡಿತ ಹೋಗಬೇಡಿ. ನಿಮಗೆ ಅದರ ಅಗತ್ಯವೂ ಇಲ್ಲ. ಮೇಲೆ ಹೇಳಿದ ಮೂರೂ ನಿಮ್ಮ ನಿಜವಾದ ಆದಾಯಕ್ಕೇ ಸಿಗುವಂಥವು.

ಪ್ರಶ್ನೆ: ಅಪ್ಪ–ಅಮ್ಮ ಇಬ್ಬರೂ ಸಿದ್ದಾಪುರ ಕಡೆ ಎಸ್ಟೇಟಿನಲ್ಲಿ ಕೆಲಸ ಮಾಡುತ್ತಾರೆ. ನಾವಿರುವುದು ಲೈನ್ ಮನೆಯಲ್ಲಿ. ನಾನು ಪರಿಶಿಷ್ಟ ಜಾತಿ, ಬಿಕಾಂ ಎರಡನೇ ವರ್ಷ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ನೋಡಿದರೆ ಹಣ ಹಾಕಿದ್ದೇವೆ ಎಂದು ಬರುತ್ತದೆ. ಪಾಸ್‌ಬುಕ್ಕಿನಲ್ಲಿ ಒಂದು ರೂಪಾಯಿ ಇಲ್ಲ. ಕಾಲೇಜಿನಲ್ಲಿ ಫೀಸು ಕೇಳುತ್ತಿದ್ದಾರೆ. ಯಾರನ್ನು ಕೇಳಬೇಕು ಗೊತ್ತಾಗುತ್ತಿಲ್ಲ.
— ವಿದ್ಯಾರ್ಥಿನಿ, ಸಿದ್ದಾಪುರ

ಉತ್ತರ: ಹೆದರಬೇಡ ಮಗಳೇ. ಹಣ ಬಹುಶಃ ಎಲ್ಲಿಗೂ ಹೋಗಿಲ್ಲ, ನಿನ್ನದೇ ಇನ್ನೊಂದು ಖಾತೆಯಲ್ಲಿ ಕೂತಿರಬಹುದು.

ನನ್ನ ಟೇಬಲ್ಲಿಗೆ ಒಮ್ಮೆ ಒಬ್ಬ ಹುಡುಗ ಇದೇ ದೂರು ಹೊತ್ತು ಬಂದಿದ್ದ. ಮೂರು ತಿಂಗಳಿನಿಂದ ಬ್ಯಾಂಕಿಗೆ ಅಲೆಯುತ್ತಿದ್ದಾನೆ. ಬೇರೆ ಯಾವ ಖಾತೆ ಇದೆ ಎಂದರೆ ‘ಇಲ್ಲ ಮೇಡಂ’. ಬ್ಯಾಗು ಬಿಚ್ಚಿಸಿದೆ. ಮಳೆಗೆ ನೆನೆಯಬಾರದೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಕಾಗದಗಳ ಮಧ್ಯದಿಂದ ಅಂಚೆ ಬ್ಯಾಂಕಿನ ಒಂದು ಕ್ಯೂಆರ್ ಕಾರ್ಡು ಬಿತ್ತು. ಊರಿಗೆ ಬಂದ ಅಂಚೆಯವರು ಬೆರಳು ಒತ್ತಿಸಿಕೊಂಡು ಖಾತೆ ಮಾಡಿಕೊಟ್ಟಿದ್ದರಂತೆ, ಅವನಿಗೆ ಮರೆತೇ ಹೋಗಿತ್ತು. ಅಂಚೆ ಕಚೇರಿಗೆ ಹೋಗಿ ನೋಡಿದರೆ ಎರಡು ವರ್ಷದ ಹಣವೂ ಅದರಲ್ಲೇ ಇತ್ತು.

ಆಗುವುದು ಹೀಗೆ. ವಿದ್ಯಾರ್ಥಿವೇತನ ಹೋಗುವುದು ಖಾತೆ ಸಂಖ್ಯೆಗಲ್ಲ, ಆಧಾರ್ ಸಂಖ್ಯೆಗೆ. ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬ ಪಟ್ಟಿ ಎನ್‌ಪಿಸಿಐ, ಅಂದರೆ ರಾಷ್ಟ್ರೀಯ ಪಾವತಿ ನಿಗಮದ ಬಳಿ ಇರುತ್ತದೆ. ಒಬ್ಬರ ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕು, ಕೊನೆಗೆ ಜೋಡಿಸಿದ್ದು ಯಾವುದೋ ಅದು. ‘ನನ್ನ ಖಾತೆಗೆ ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಸಾಲದು. ಕೆವೈಸಿಗೆ ಆಧಾರ್ ಕೊಟ್ಟಿರುವುದು ಬೇರೆ, ಎನ್‌ಪಿಸಿಐ ಸೀಡಿಂಗ್ ಬೇರೆ. ಆಧಾರ್ ಜಾಲತಾಣಕ್ಕೆ ಹೋಗಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಬ್ಯಾಂಕಿನ ಹೆಸರು ಬರುತ್ತದೆ. ಮೊಬೈಲಿಗೆ ಒಟಿಪಿ ಬರಬೇಕು, ಆದ್ದರಿಂದ ಆಧಾರ್‌ಗೆ ಕೊಟ್ಟ ನಂಬರಿನ ಸಿಮ್ ಯಾರ ಬಳಿ ಇದೆ ಎಂದು ಮೊದಲೇ ನೋಡಿಕೋ. ತೋಟದ ಕಡೆ ನೆಟ್‌ವರ್ಕ್ ಸಿಗದಿದ್ದರೆ ಪೇಟೆಗೆ ಬಂದ ದಿನ ಮಾಡು. ಯಾವ ಬ್ಯಾಂಕೂ ತೋರಿಸದಿದ್ದರೆ, ಅಥವಾ ‘ಇನಾಕ್ಟಿವ್’ ಎಂದರೆ, ನಿನ್ನ ಶಾಖೆಯಲ್ಲಿ ಸೀಡಿಂಗ್ ಫಾರ್ಮ್ ಕೊಟ್ಟು ಸ್ವೀಕೃತಿ ತೆಗೆದುಕೋ.

ಇನ್ನೊಂದು ಮಾತು. ಈ ವೇತನದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ಎರಡೂ ಒಂದೇ ದಿನ ಬರುವುದಿಲ್ಲ. ಒಂದು ಕಂತು ಬಂದು ಇನ್ನೊಂದು ತಡವಾದರೆ ಯಾರೋ ತಿಂದರು ಎಂದು ಗಾಬರಿಯಾಗಬೇಡ. ಬಂದ ಹಣದಲ್ಲಿ ಫೀಸಿನ ಭಾಗ ಕಾಲೇಜಿಗೆ ಕಟ್ಟಬೇಕಾದದ್ದು. ಅದನ್ನು ಮನೆ ಖರ್ಚಿಗೆ ಬಳಸಿ ಕೊನೇ ಸೆಮಿಸ್ಟರಿನಲ್ಲಿ ಕಷ್ಟಕ್ಕೆ ಸಿಕ್ಕಿಕೊಂಡ ಮಕ್ಕಳನ್ನು ನೋಡಿದ್ದೇನೆ, ಅವರ ಮೇಲೆ ಕೋಪ ಬರುವುದಿಲ್ಲ, ಆದರೂ ಹೇಳುತ್ತಿದ್ದೇನೆ. ಎಸ್‌ಎಸ್‌ಪಿಯ ಪರದೆಯನ್ನು ಪ್ರಿಂಟ್ ತೆಗೆದು ಪ್ರಾಂಶುಪಾಲರಿಗೆ ಒಂದು ಅರ್ಜಿ ಬರೆದು ಸಮಯ ಕೇಳು. ಬಾಯಿಮಾತಿನಲ್ಲಿ ಕೇಳಬೇಡ, ಕಾಗದದಲ್ಲಿ ಕೇಳು.

ಅಪ್ಪ–ಅಮ್ಮ ಎಸ್ಟೇಟಿನವರಾದ್ದರಿಂದ ಇನ್ನೆರಡು ಕಡೆ ವಿಚಾರಿಸು. ಎಸ್ಟೇಟಿನವರು ಕಾರ್ಮಿಕ ಕಲ್ಯಾಣ ನಿಧಿಗೆ ವಂತಿಗೆ ಕಟ್ಟುತ್ತಿದ್ದರೆ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಯಿಂದ ಕಾರ್ಮಿಕರ ಮಕ್ಕಳಿಗೆ ಶೈಕ್ಷಣಿಕ ಧನಸಹಾಯ ಇದೆ. ತೋಟದ ಕಾರ್ಮಿಕರ ಮಕ್ಕಳಿಗೆ ಕಾಫಿ ಮಂಡಳಿಯೂ ನೆರವು ಕೊಡುತ್ತದೆ. ಎರಡಕ್ಕೂ ತೋಟದ ರೈಟರ್ (ಲೆಕ್ಕ ಬರೆಯುವವರು) ಅಥವಾ ಮ್ಯಾನೇಜರ್ ಸಹಿ ಬೇಕಾಗುತ್ತದೆ. ನನ್ನ ತಂದೆಯೂ ತೋಟದಲ್ಲಿ ರೈಟರ್ ಆಗಿದ್ದವರು. ಸಂಜೆ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ, ಬರೆದು ಮುಗಿಸಿದ ಮೇಲೆ ಹೋದರೆ ಕೂತು ಸಹಿ ಮಾಡಿಕೊಡುವಷ್ಟು ವ್ಯವಧಾನ ಇರುತ್ತದೆ. ಕೊಯ್ಲಿನ ದಿನ ಬೆಳಿಗ್ಗೆ ಹೋಗಬೇಡ.

ಪ್ರಶ್ನೆ: ಮಗನಿಗೆ ಹಾಸನದಲ್ಲಿ ಸೀಟಾಗಿದೆ, ಹಿಂದುಳಿದ ವರ್ಗಗಳ ಹಾಸ್ಟೆಲ್ ಸಿಗಲಿಲ್ಲ. ರೂಮು ಮಾಡಿದ್ದಾನೆ. ಬಾಡಿಗೆಗೆ ಏನಾದರೂ ಸಹಾಯ ಇದೆಯೇ?
— ಗೃಹಿಣಿ, ಶನಿವಾರಸಂತೆ

ಉತ್ತರ: ಇದೆ, ‘ವಿದ್ಯಾಸಿರಿ’. ಊಟ–ವಸತಿಗೆಂದು ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಒಟ್ಟು 15,000. ಹಾಸ್ಟೆಲಿಗೆ ಅರ್ಜಿ ಹಾಕಿ ಸಿಗದವರಿಗೆ ಇದು. ಹಾಗಾಗಿ ಹಾಸ್ಟೆಲ್ ಅರ್ಜಿಯ ಪ್ರತಿ ಎಸೆಯಬೇಡಿ. ಹಾಜರಾತಿ ಶೇ 75ಕ್ಕಿಂತ ಕೆಳಗೆ ಇಳಿಯಬಾರದು. ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಹಾಕಿ ಎಸ್‌ಎಸ್‌ಪಿಯಲ್ಲೇ ಅರ್ಜಿ. ಆದಾಯ ಪ್ರಮಾಣಪತ್ರ ಐದು ವರ್ಷಕ್ಕೆ ಮುಗಿಯುತ್ತದೆ. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದನ್ನೇ ಇಟ್ಟುಕೊಂಡಿದ್ದರೆ ಅದರ ದಿನಾಂಕ ಒಮ್ಮೆ ನೋಡಿ.

ಪ್ರಶ್ನೆ: ಸೇನೆಯಿಂದ ಹವಾಲ್ದಾರನಾಗಿ ನಿವೃತ್ತನಾಗಿದ್ದೇನೆ. ಮಗಳು ಬಿಸಿಎಗೆ ಸೇರಿದ್ದಾಳೆ. ಪಿಂಚಣಿ ಬರುವುದರಿಂದ ನಮಗೆ ವಿದ್ಯಾರ್ಥಿವೇತನ ಇಲ್ಲ ಎಂದು ಕಾಲೇಜಿನ ಕಚೇರಿಯಲ್ಲಿ ಹೇಳಿದರು.
— ಮಾಜಿ ಸೈನಿಕ, ಶ್ರೀಮಂಗಲ

ಉತ್ತರ: ಸೈನಿಕರಿಲ್ಲದ ಊರೇ ಇಲ್ಲದ ನಮ್ಮ ಜಿಲ್ಲೆಯಲ್ಲಿ ಈ ಉತ್ತರ ಕೊಟ್ಟರಲ್ಲ ಎಂದು ತುಂಬ ನೋವಾಯಿತು. ಕೇಂದ್ರೀಯ ಸೈನಿಕ ಮಂಡಳಿಯ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಇರುವುದೇ ಮಾಜಿ ಸೈನಿಕರ ಮಕ್ಕಳಿಗೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000, ಗಂಡುಮಕ್ಕಳಿಗೆ 2,500. ಆದಾಯದ ಮಿತಿ ಇಲ್ಲ, ನಿಮ್ಮ ಪಿಂಚಣಿ ಅಡ್ಡ ಬರುವುದಿಲ್ಲ. ಪಿಯುಸಿಯಲ್ಲಿ ಶೇ 60 ಬಂದಿರಬೇಕು, ವೃತ್ತಿಪರ ಕೋರ್ಸ್ ಆಗಿರಬೇಕು. ಬಿಸಿಎ ಆ ಪಟ್ಟಿಯಲ್ಲಿದೆ, ಸಾಮಾನ್ಯ ಬಿಎ, ಬಿಎಸ್ಸಿ ಇಲ್ಲ.

ಅರ್ಜಿ ಹಾಕಬೇಕಾದದ್ದು ಮೊದಲ ವರ್ಷದಲ್ಲೇ. ‘ಈ ವರ್ಷ ಆಗಲಿಲ್ಲ, ಮುಂದಿನ ವರ್ಷ ನೋಡೋಣ’ ಎಂದರೆ ಮುಗಿಯಿತು. ಮೂರು ಕಾಗದ ಮೂರು ಕಡೆಯಿಂದ ಆಗಬೇಕು: ನೀವು ಮಾಜಿ ಸೈನಿಕ ಎಂಬುದಕ್ಕೆ ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯದ್ದು, ಮಗಳು ಓದುತ್ತಿದ್ದಾಳೆ ಎಂಬುದಕ್ಕೆ ಕಾಲೇಜಿನದ್ದು, ಖಾತೆಗೆ ಬ್ಯಾಂಕಿನದ್ದು. ಶ್ರೀಮಂಗಲದಿಂದ ಮಡಿಕೇರಿಗೆ ಬಂದು ಹೋಗುವುದೆಂದರೆ ಒಂದು ದಿನವೇ ಹೋಗುತ್ತದೆ. ಕಾಲೇಜಿನದು, ಬ್ಯಾಂಕಿನದು ಎರಡೂ ಮುಗಿಸಿಕೊಂಡು, ಡಿಸ್ಚಾರ್ಜ್ ಬುಕ್ ಕೈಯಲ್ಲಿ ಹಿಡಿದು ಹೊರಡಿ.

ಮಗಳ ಹೆಸರನ್ನೂ ಒಮ್ಮೆ ನೋಡಿ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ ಇರುತ್ತದೆ, ಆಧಾರ್‌ನಲ್ಲಿ ಮನೆಹೆಸರು ಪೂರ್ತಿ, ಬ್ಯಾಂಕಿನಲ್ಲಿ ಅಪ್ಪನ ಹೆಸರು ಹಿಂದೆ. ನಮಗೆ ಮೂರೂ ಒಂದೇ ಹುಡುಗಿ, ಪೋರ್ಟಲ್‌ಗೆ ಮೂವರು. ಅಂಕಪಟ್ಟಿಯಲ್ಲಿ ಇರುವಂತೆಯೇ ಆಧಾರ್, ಬ್ಯಾಂಕು ಎರಡನ್ನೂ ತಿದ್ದಿಸುವುದು ಸುಲಭ. ಅಂಕಪಟ್ಟಿ ತಿದ್ದಿಸುವುದು ಕಷ್ಟ.

ಪ್ರಶ್ನೆ: ಹೋದ ವರ್ಷ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ‘ಸಬ್‌ಮಿಟೆಡ್’ ಎಂದು ಬಂದಿತ್ತು. ಕೊನೆಗೆ ಏನೂ ಬರಲಿಲ್ಲ. ಯಾಕೆ ಎಂದು ಯಾರೂ ಹೇಳಲಿಲ್ಲ.
— ವಿದ್ಯಾರ್ಥಿ, ಸೋಮವಾರಪೇಟೆ

ಉತ್ತರ: ಸಬ್‌ಮಿಟ್ ಆದರೆ ಅರ್ಧ ಕೆಲಸ ಆದಂತೆ. ಆಮೇಲೆ ಕಾಲೇಜಿನವರು ತಮ್ಮ ಲಾಗಿನ್‌ನಲ್ಲಿ ಅದನ್ನು ಪರಿಶೀಲಿಸಿ ಮುಂದಕ್ಕೆ ಕಳಿಸಬೇಕು. ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅದಾದ ಮೇಲೆ ಇನ್ನೊಂದು ಹಂತದ ಪರಿಶೀಲನೆ ಇದೆ. ಕಾಲೇಜಿನ ಹಂತದಲ್ಲಿ ಕೊನೆಯ ದಿನಾಂಕ ದಾಟಿದರೆ ಅರ್ಜಿ ಅಲ್ಲೇ ಸಾಯುತ್ತದೆ.

ಇದು ನನಗೇ ಆದದ್ದು. ನಾನು ಪಿಯುಸಿ ಓದುವಾಗ ಮೆರಿಟ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಬರೆದು ಕಚೇರಿಗೆ ಕೊಟ್ಟೆ. ಆಗ ಎಲ್ಲ ಕಾಗದದ ಮೇಲೆಯೇ. ಅಪ್ಪ ತೋಟದ ದೊರೆಗಳ ಹತ್ತಿರ ಮುಂಗಡ ಕೇಳದೆ ವರ್ಷವೆಲ್ಲ ಅದಕ್ಕೇ ಕಾದರು. ಮಾರ್ಚಿಯಲ್ಲಿ ವಿಚಾರಿಸಲು ಹೋದಾಗ ಗುಮಾಸ್ತರು ಡ್ರಾಯರ್ ಎಳೆದರು. ನನ್ನ ಅರ್ಜಿ, ನಾನೇ ಅಂಟಿಸಿದ ಫೋಟೊ ಸಮೇತ, ಮೇಲೆಯೇ ಇತ್ತು. ಕಳಿಸಿರಲಿಲ್ಲ. ಫೋಟೊದ ಅಂಚು ಮಳೆಗಾಲದ ತೇವಕ್ಕೆ ಸುರುಟಿಕೊಂಡಿತ್ತು. ಅಪ್ಪನಿಗೆ ಆ ಸಂಜೆ ಹೇಗೆ ಹೇಳಿದೆ ಎನ್ನುವುದನ್ನು ಬರೆಯಲು ಈಗಲೂ ಆಗುವುದಿಲ್ಲ. ನನ್ನ ಟೇಬಲ್ಲಿಗೆ ಡ್ರಾಯರೇ ಬೇಡ ಎಂದು ನಾನು ಕೆಲಸಕ್ಕೆ ಸೇರಿದ ವಾರವೇ ಹೇಳಿದ್ದೆ.

ಆದ್ದರಿಂದ ಸಬ್‌ಮಿಟ್ ಆದ ಮರುದಿನ ಪ್ರತಿ ತೆಗೆದು ಕಾಲೇಜಿಗೆ ಕೊಡು. ನಿನ್ನ ಬಳಿ ಉಳಿಯುವ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೋ. ವಾರಕ್ಕೊಮ್ಮೆ ಪೋರ್ಟಲ್‌ನಲ್ಲಿ ಸ್ಥಿತಿ ನೋಡು. ‘ಡಿಫೆಕ್ಟೆಡ್’ ಎಂದು ಬಂದರೆ ತಿದ್ದಿ ಮತ್ತೆ ಕಳಿಸಲು ಅವಕಾಶ ಇರುತ್ತದೆ, ಆದರೆ ಅದಕ್ಕೆ ಸಿಗುವ ದಿನ ಕಡಿಮೆ. ‘ರಿಜೆಕ್ಟೆಡ್’ ಎಂದರೆ ಆ ವರ್ಷದ ಮಟ್ಟಿಗೆ ಮುಗಿದಂತೆ.

ಪ್ರಶ್ನೆ: ಮಗನ ಇಂಜಿನಿಯರಿಂಗ್‌ಗೆ 6 ಲಕ್ಷ ಶಿಕ್ಷಣ ಸಾಲ ಕೇಳಿದೆವು. ತೋಟದ ದಾಖಲೆ ಅಡವಿಡಿ ಎನ್ನುತ್ತಾರೆ ಬ್ಯಾಂಕಿನವರು. ಜಮ್ಮಾ ಜಾಗ, ಅಡವಿಡಲು ಆಗುತ್ತಿಲ್ಲ.
— ತಾಯಿ, ಗೋಣಿಕೊಪ್ಪಲು

ಉತ್ತರ: ಅಡವಿಡುವ ಅಗತ್ಯವೇ ಇಲ್ಲ ಅಕ್ಕ. 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಕೇಂದ್ರ ಸರ್ಕಾರದ ಸಾಲ ಖಾತರಿ ನಿಧಿ ಇದೆ. ಆ ಯೋಜನೆಯಡಿ ಕೊಡುವ ಸಾಲಕ್ಕೆ ಬ್ಯಾಂಕು ಆಸ್ತಿಯನ್ನೂ ಕೇಳುವಂತಿಲ್ಲ, ಹೊರಗಿನ ಜಾಮೀನುದಾರರನ್ನೂ ಕೇಳುವಂತಿಲ್ಲ. ಪೋಷಕರು ಜೊತೆ ಸಾಲಗಾರರಾಗಿ ಸಹಿ ಮಾಡಬೇಕು, ಅಷ್ಟೆ. 2024ರ ನವೆಂಬರ್‌ನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಆಯ್ದ ಸಂಸ್ಥೆಗಳಿಗೆ ಸೇರುವವರಿಗೆ ಅಡಮಾನವೂ ಜಾಮೀನೂ ಇಲ್ಲದ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗೆ ಇದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಗೂ ಆಮೇಲಿನ ಒಂದು ವರ್ಷಕ್ಕೂ ಬಡ್ಡಿಯಲ್ಲಿ ಶೇ 3 ರಿಯಾಯಿತಿ. ಮಗನ ಕಾಲೇಜು ಆ ಪಟ್ಟಿಯಲ್ಲಿದೆಯೇ ನೋಡಿ. ಇಲ್ಲದಿದ್ದರೂ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಇದ್ದು, ನಿಮ್ಮ ಆದಾಯ 4.5 ಲಕ್ಷದೊಳಗೆ ಇದ್ದರೆ ಓದು ಮುಗಿದು ಒಂದು ವರ್ಷದವರೆಗಿನ ಬಡ್ಡಿಯನ್ನು ಕೇಂದ್ರವೇ ತುಂಬುವ ಯೋಜನೆ ಬೇರೆ ಇದೆ. ಅದನ್ನು ಕೇಳದೆ ಯಾರೂ ತಾವಾಗಿ ಹೇಳುವುದಿಲ್ಲ. ಸಾಲ ಮಂಜೂರಾಗುವ ದಿನವೇ ಆದಾಯ ಪ್ರಮಾಣಪತ್ರ ಕೊಟ್ಟು, ಬಡ್ಡಿ ಸಹಾಯಧನಕ್ಕೆ ಸೇರಿಸಿ ಎಂದು ಬರೆದುಕೊಡಿ.

ಶಾಖೆಯಲ್ಲಿ ಬಾಯಿಮಾತಿನಲ್ಲಿ ಆಗಲ್ಲ ಎಂದರೆ ಎದ್ದು ಬರಬೇಡಿ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅದರ ಸಂಖ್ಯೆ ಬರೆದುಕೊಂಡು ಮತ್ತೆ ಹೋಗಿ. ಆಗಲೂ ಆಗಲ್ಲ ಎಂದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ಆ ಕಾಗದ ಕೈಗೆ ಬಂದರೆ, ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡಿಕೊಳ್ಳುವ ಮಡಿಕೇರಿಯ ಲೀಡ್ ಬ್ಯಾಂಕ್ ಕಚೇರಿಗೆ ಅದರ ಪ್ರತಿ ಕೊಡಿ, ನನಗೂ ಒಂದು ಪ್ರತಿ ಕಳಿಸಿ.